ಬೀಡಿ ಹೊತ್ತಿನ ಬಿಡುವು

ಚಳ್ಳಕೆರೆ

ಎಣ್ಣೆ ಮಿಲ್ಲಿನ ಮಾಲೀಕರಿಗೆ,

ಬೀಡಿ ಬಿಟ್ಟರೆ ಚಹಾ ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಬೀಡಿ ಹೊತ್ತಿನ ಬಿಡುವು ಹಾಗೇ ಇರುತ್ತದೆ ಎಂದಿರಿ, ಅದನ್ನೂ ಕಿತ್ತುಕೊಂಡಿರಿ. ನೀವು ಕರೆಸಿದ ಸಂಮೋಹನದ ಡಾಕ್ಟರು ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಬೀಡಿ ಬಿಡಿಸಿದ್ದು ನಿಜ. ಕೆಮ್ಮು ಇಳಿದಿದೆ. ಆದರೆ ಈಗ ಗೇಟಿನಾಚೆ ಕೂರಲು ಹೊರಟರೆ ನಿಮ್ಮ ಮೇಸ್ತ್ರಿ, "ಬೀಡಿ ಸೇದಲ್ಲ, ಮತ್ಯಾಕ್ರಲೇ ಕೂರೋದು?" ಎಂದು ವಾಪಸು ಅಟ್ಟುತ್ತಾನೆ.

ನಿನ್ನೆ ಜೊತೆಯ ಹಮಾಲಿ ಪೀರ್ ಸಾಬ್ ಶೇಂಗಾ ಮೂಟೆ ಹೊತ್ತುಕೊಂಡೇ ನನ್ನತ್ತ ನೋಡಿ ನಕ್ಕ: "ಲೇ ಕ್ಯಾತಾ, ಆ ಡಾಕ್ಟ್ರ ಕುರ್ಚಿನೇ ಕೊನೆ ಕಣಲೇ. ಆಮೇಲೆ ನಾನು ಕೂತೇ ಇಲ್ಲ."

ನಾವು ಮತ್ತೆ ಬೀಡಿ ಹಚ್ಚುವುದಿಲ್ಲ. ನಮ್ಮ ಬಿಡುವು ನಮಗೆ ಬೇಕು. ಸೋಮವಾರ ಹನ್ನೊಂದು ಗಂಟೆಗೆ, ಹಳೆಯ ಬೀಡಿ ಹೊತ್ತಿಗೆ, ಎಲ್ಲರೂ ಗೇಟಿನ ಬೇವಿನ ಮರದಡಿ ಕೂರುತ್ತೇವೆ. ಮಾತಾಡಲು ಅಲ್ಲಿಗೇ ಬನ್ನಿ.

ಇತಿ,
ಹಮಾಲಿ ಕ್ಯಾತಣ್ಣ