ಇಪ್ಪತ್ತಮೂರನೆಯ ಗುಳುಮುಳುಕ

ಅಕ್ಟೋಬರ್ ೧೩, ಸೋಮವಾರ

ಪಕ್ಷಿಬಳಗದ ಅಧ್ಯಕ್ಷರೂ ಕೆರೆಯ ಕಣ್ಮಣಿಯೂ ಆದ ನಿಮಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂಬುದು ಪೇಪರಿನ ಫೋಟೋ ನೋಡಿ ತಿಳಿಯಿತು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪ್ರಶಸ್ತಿಫಲಕ, ಮುಖದಲ್ಲಿ ಕೆರೆಯ ಹಕ್ಕಿಗಳನ್ನೆಲ್ಲ ತಾವೇ ಹೆತ್ತಂಥ ಕಳೆ. ದುರ್ಬೀನಿನ ಮುಚ್ಚಳ ಮಾತ್ರ ತೆಗೆದಿರಲಿಲ್ಲ. ಊರಿಗೆಲ್ಲ ಕನ್ನಡಕ ಮಾಡಿಕೊಡುವವರಿಗೆ ಅದು ಕಾಣಲಿಲ್ಲವೆಂದರೆ, ದೀಪದ ಬುಡದಲ್ಲಿ ಕತ್ತಲೆ ಎಂದ ಹಿರಿಯರು ನಿಮ್ಮ ಅಂಗಡಿಗೆ ಬಂದುಹೋಗಿದ್ದವರೇ ಇರಬೇಕು.

ಎರಡು ವರ್ಷದಿಂದ ಇಲ್ಲದ ಕಾಗದ ಈಗೇಕೆ ಎಂದು ಹುಬ್ಬೇರಿಸಬೇಡಿ. ನಿಮ್ಮ ನೆನಪಾಗಿ ಬರೆಯುತ್ತಿಲ್ಲ. ನಾನು ಕರಡು ತಿದ್ದುವ ಪ್ರೆಸ್ಸಿಗೆ ಹೋದ ವಾರ ನಗರಸಭೆಯ ವರದಿಯೊಂದು ಬಂತು. ಕೆರೆಯ ಉತ್ತರದ ಅರ್ಧವನ್ನು ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರಂತೆ. ಎರಡು ವರ್ಷದಿಂದ ಅಲ್ಲಿ ಒಡೆದ ಕಟ್ಟಡಗಳ ಕಲ್ಲುಮಣ್ಣು ಸುರಿದರೂ ಗುಳುಮುಳುಕ ಹಕ್ಕಿಗಳ ಸಂಖ್ಯೆ ಕುಗ್ಗಿಲ್ಲ, ಆದ್ದರಿಂದ ಮುಚ್ಚಿದರೂ ತೊಂದರೆಯಿಲ್ಲ ಎಂದು ಬರೆದಿದ್ದಾರೆ. ಆಧಾರ, ನಾಗರಿಕರೇ ವಾರವಾರ ಮಾಡಿದ ಎಣಿಕೆ. ಕೆಳಗೆ ದಪ್ಪ ಅಕ್ಷರದಲ್ಲಿ ನಿಮ್ಮ ಹೆಸರು.

ಪಟ್ಟಿ ತಿದ್ದಲು ಕೂತೆ. ಹದಿನಾಲ್ಕು, ಒಂಬತ್ತು, ಹನ್ನೊಂದು, ಆಮೇಲೆ ಒಂದು ವಾರ ಖಾಲಿ. ಪೆನ್ನು ಅಲ್ಲೇ ನಿಂತಿತು. ಅದು ನಾಲ್ಕು ವರ್ಷದ ಹಿಂದೆ ನನಗೆ ಜ್ವರ ಬಂದು ಕೆರೆಗೆ ಹೋಗದಿದ್ದ ಭಾನುವಾರ! ನನ್ನ ಹಳೆಯ ಎಣಿಕೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ವರ್ಷ ಬದಲಿಸಿ, ಸಾಲಿಗೆ ಸಾಲು ಇಳಿಸಿದ್ದೀರಿ. ನನ್ನ ಜ್ವರವನ್ನೂ ಬಿಟ್ಟಿಲ್ಲ. ಕಳ್ಳತನಕ್ಕೂ ಒಂದಿಷ್ಟು ಶ್ರದ್ಧೆ ಬೇಕು ರೀ. ಶಾಲೆಯಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆಯುವವನು ಕೂಡ ಅವನ ಹೆಸರನ್ನು ಇಳಿಸಿಕೊಳ್ಳುವುದಿಲ್ಲ.

ಇಷ್ಟಾದರೂ ಒಂದು ತಪ್ಪನ್ನಾದರೂ ತಿದ್ದಿರುತ್ತೀರಿ ಎಂಬ ಆಸೆಯಿಟ್ಟುಕೊಂಡು ಈ ವರ್ಷದ ಜುಲೈಗೆ ಬಂದೆ. ಎರಡನೆಯ ಭಾನುವಾರ, ಇಪ್ಪತ್ತಮೂರು. ಡಬ್ಬವೂ ಬಂದುಬಿಟ್ಟಿದೆ!

ಮರೆತಿದ್ದರೆ ನೆನಪಿಸುತ್ತೇನೆ. ಗುಳುಮುಳುಕ ಮುಷ್ಟಿಯಷ್ಟು ಹಕ್ಕಿ. ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತದೆ. ಅವಸರದವರಿಗೆ ಒಂದೇ ಹಕ್ಕಿ ನಾಲ್ಕಾಗುತ್ತದೆ. ಅದಕ್ಕೇ ನಾನು ಕೂತ ಮೆಟ್ಟಿಲು ಬಿಟ್ಟೇಳದೆ ಮೂರು ಸಲ ಎಣಿಸಿ, ಕಡಿಮೆ ಬಂದದ್ದನ್ನು ಬರೆಯುತ್ತಿದ್ದೆ. ನೀವು ಎಂಟು ಗಂಟೆಗೆ ಟೋಪಿ ಸರಿಮಾಡಿಕೊಳ್ಳುತ್ತಾ ಬಂದು “ಇವತ್ತು ಎಷ್ಟೇ?” ಅನ್ನುತ್ತಿದ್ದಿರಿ, ಸಂಖ್ಯೆ ಜೇಬಿಗಿಳಿಸಿಕೊಂಡು ಬಳಗದವರ ಮುಂದೆ ಭಾಷಣಕ್ಕೆ ನಿಲ್ಲುತ್ತಿದ್ದಿರಿ. ಎರಡು ವರ್ಷದ ಹಿಂದಿನ ಜುಲೈಯಲ್ಲಿ ಇಪ್ಪತ್ತಮೂರು ಬಂತು. ಮುಂದಿನ ವಾರ ನೋಡಿದರೆ ಒಂದು ಹಕ್ಕಿ ಅದೇ ಜಾಗದಲ್ಲಿದೆ, ಮುಳುಗುತ್ತಲೇ ಇಲ್ಲ. ಕೋಲಿನಿಂದ ಎಳೆದೆ. ಕಪ್ಪು ಬಣ್ಣದ ಖಾಲಿ ಡಬ್ಬ.

ತಪ್ಪು ನನ್ನದು. ಬೆಳಕಿನ್ನೂ ಸರಿಯಾಗಿ ಹರಿದಿರಲಿಲ್ಲ, ಮೂರು ಸಲವೂ ಮೋಸಹೋದೆ. ಇಪ್ಪತ್ತೆರಡು ಅಂತ ತಿದ್ದಿಬಿಡಿ ಎಂದೆ. ಅಷ್ಟರಲ್ಲಿ ಅದು ಬಳಗದ ಇತಿಹಾಸದಲ್ಲೇ ದೊಡ್ಡ ಸಂಖ್ಯೆಯಾಗಿ ನಿಮಗೆ ಶಾಲು ಹೊದಿಸುವ ದಿನವೂ ನಿಗದಿಯಾಗಿತ್ತು. “ಒಂದು ಹಕ್ಕಿ ಹೆಚ್ಚಾದ್ರೆ ಯಾರ ಗಂಟು ಹೋಗುತ್ತೆ? ಯಾರು ಬಂದು ನೋಡ್ತಾರೆ?” ಅಂದಿರಿ. ಸಭೆಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಈಗಲೂ ಅಂಗೈ ಉರಿಯುತ್ತದೆ. ಮೂರು ತಿಂಗಳು ಅದೇ ಜಗಳವಾಡಿ ಮನೆ ಬಿಟ್ಟೆ. ಡಬ್ಬಕ್ಕಾಗಿ ಗಂಡನನ್ನು ಬಿಟ್ಟವಳು ಎಂದು ಅಕ್ಕ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಡಬ್ಬ ಅವಳ ಮೆಟ್ಟಿಲ ಬಳಿಯೇ ಇದೆ, ಅದರಲ್ಲಿ ಪೊರಕೆ ನಿಲ್ಲಿಸುತ್ತೇವೆ.

ಯಾರ ಗಂಟು ಹೋಗುತ್ತೆ ಅಂದಿರಲ್ಲ, ಈಗ ಅರ್ಧ ಕೆರೆ ಹೋಗುತ್ತಿದೆ. ಹಕ್ಕಿಗಳನ್ನು ಉಳಿಸಲೆಂದು ಹುಟ್ಟಿದ ಬಳಗ ಅವುಗಳ ಮೇಲೆ ಮಣ್ಣೆಳೆಯಲು ಸಹಿ ಹಾಕಿಕೊಟ್ಟಿದೆ. ನೀವು ಒಂದು ಸಲ, ಒಂದೇ ಒಂದು ಸಲ ಸೊನ್ನೆ ಬರೆದಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರು. ಆದರೆ ಸೊನ್ನೆಗೆ ಯಾರೂ ಶಾಲು ಹೊದಿಸುವುದಿಲ್ಲವಲ್ಲ! ಅಲ್ಲಿ ಈಗ ನಿಜಕ್ಕೂ ಎಷ್ಟಿವೆಯೋ ನನಗೆ ಗೊತ್ತಿಲ್ಲ. ಮನೆ ಬಿಟ್ಟ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ.

ವರದಿ ಬರೆದ ಅಧಿಕಾರಿಗೆ ಫೋನ್ ಮಾಡಿದೆ. “ಅಮ್ಮಾ, ಗಂಡನ ಮೇಲಿನ ಸಿಟ್ಟನ್ನ ಕೆರೆ ಮೇಲೆ ತೀರಿಸ್ಕೋಬೇಡಿ. ಏನಾದ್ರೂ ದಾಖಲೆ ಇದ್ರೆ ತನ್ನಿ” ಅಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಆಗ ಬಳಗದ ದಾಖಲೆಗೆ ಹೋಗುತ್ತಿದ್ದದ್ದು ವರ್ಷದ ದೊಡ್ಡ ಸಂಖ್ಯೆ ಮಾತ್ರ. ವಾರವಾರದ್ದೆಲ್ಲ ಇರುವುದು ನನ್ನ ಎರಡು ನೀಲಿ ಪುಸ್ತಕಗಳಲ್ಲಿ. ಅವು ನಿಮ್ಮ ಅಂಗಡಿಯಲ್ಲಿವೆ, ಮುರಿದ ಫ್ರೇಮುಗಳನ್ನು ಹಾಕುವ ಕೆಳಗಿನ ಡ್ರಾಯರಿನಲ್ಲಿ. ನಿಮ್ಮ ಸುಳ್ಳನ್ನು ತೋರಿಸಲು ನಿಮ್ಮನ್ನೇ ಕೇಳಬೇಕಾಗಿ ಬಂದದ್ದು ನನ್ನ ಗ್ರಹಚಾರ.

ಶುಕ್ರವಾರ ಹತ್ತು ಗಂಟೆಗೆ ನಗರಸಭೆಯಲ್ಲಿ ಸಾರ್ವಜನಿಕರ ಅಹವಾಲು ಕೇಳುತ್ತಾರೆ. ಆಮೇಲೆ ಲಾರಿಗಳು ಬರುತ್ತವೆ. ಪುಸ್ತಕಗಳನ್ನು ತಂದು ನೀವೇ ಎದ್ದು ನಿಂತು ಹೇಳಿ. ನಾಚಿಕೆಯಾದರೆ ಅಕ್ಕನ ಮನೆ ಬಾಗಿಲಲ್ಲಿಟ್ಟು ಹೋಗಿ, ನಾನು ಹೇಳುತ್ತೇನೆ. ಸುಟ್ಟುಹಾಕುವ ಯೋಚನೆಯಿದ್ದರೆ ಅದೂ ನಿಮ್ಮಿಷ್ಟ. ಅಷ್ಟು ಧೈರ್ಯ ನಿಮಗೆ ಎಂದೂ ಇರಲಿಲ್ಲ ಎಂಬುದೊಂದೇ ನನಗಿರುವ ಭರವಸೆ.

ಇಂತಿ,
ಕಾಗದಪತ್ರಗಳಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ.: ಆ ಕಡೆ ತಲೆ ಹಾಕಿಲ್ಲ ಎಂದದ್ದು ಸುಳ್ಳು. ಸುಳ್ಳಿನ ಬಗ್ಗೆ ಇಷ್ಟುದ್ದ ಬರೆದು ಅದನ್ನು ಹಾಗೇ ಬಿಟ್ಟರೆ ನಿಮಗೂ ನನಗೂ ಏನು ವ್ಯತ್ಯಾಸ? ನಿನ್ನೆ ಬೆಳಗ್ಗೆ ಆರಕ್ಕೇ ಹೋಗಿ ನನ್ನ ಹಳೆಯ ಮೆಟ್ಟಿಲ ಮೇಲೆ ಕೂತಿದ್ದೆ. ಮೂರು ಸಲ ಎಣಿಸಿದೆ. ಗುಳುಮುಳುಕ, ಸೊನ್ನೆ. ಆಚೆ ದಡದ ಕಲ್ಲುಮಣ್ಣಿನ ರಾಶಿಯ ಪಕ್ಕ ಕಪ್ಪಗೆ ಏನೋ ಅಲ್ಲಾಡದೆ ಕೂತಿತ್ತು. ಈ ಸಲ ಮೋಸಹೋಗಬಾರದೆಂದು ಚೆನ್ನಾಗಿ ನೋಡಿದೆ. ನೀವು. ಒಬ್ಬರೇ, ಟೋಪಿಯಿಲ್ಲದೆ, ತೊಡೆಯ ಮೇಲೆ ಒಂದು ನೀಲಿ ಪುಸ್ತಕ. ಏಳುವವರೆಗೂ ಅದರಲ್ಲಿ ಏನೂ ಬರೆಯಲಿಲ್ಲ. ಒಮ್ಮೆ ಕನ್ನಡಕ ತೆಗೆದು ಒರೆಸಿದಿರಿ. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ನಾನು ಬರೆದುಕೊಳ್ಳುವುದಿಲ್ಲ.