ಗೋಡೆಯ ಮೇಲಿನ ಒಂಬತ್ತು ಮಂದಿ

ಬೆಲ್‌ರೋಸ್, ನ್ಯೂಯಾರ್ಕ್
23 ಅಕ್ಟೋಬರ್ 2024, ಬುಧವಾರ

ಗುರುರಾಜ ಅವರಿಗೆ, ನಂದಿತಾ ಮಾಡುವ ನಮಸ್ಕಾರ.

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ, ವಕೀಲರು ಬರೆಸಿದ ಕಾಗದವೇನೋ ಅಂದುಕೊಳ್ಳಬೇಡಿ. ಅಂಥದ್ದೇನೂ ಇಲ್ಲ. ಆರೋಗ್ಯವಾಗಿದ್ದೇನೆ, ಲೈಬ್ರರಿ ಕೆಲಸ ನಡೆದಿದೆ. ಇದನ್ನು ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಪ್ರಶ್ನೆ ಕೇಳುತ್ತೀರಿ, ನಾನು ಸಿಟ್ಟಾಗಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಪೋಸ್ಟರ್ ಸಿಕ್ಕಿತ್ತು. ನಮ್ಮ ಪೋಸ್ಟರ್.

ಹತ್ತೊಂಬತ್ತು ವರ್ಷ ಹುಡುಕಿದ್ದು. ಊರೂರು ತಿರುಗಿ ಗಂಡಸರ ತಂಡಗಳ ಮೇಲೆ ಬೇಸ್‌ಬಾಲ್ ಆಡುತ್ತಿದ್ದ ಆ ಒಂಬತ್ತು ಹೆಂಗಸರು, 1911ರ ಬೇಸಿಗೆಯ ಪಂದ್ಯಗಳಿಗೆಂದು ಅಚ್ಚು ಹಾಕಿಸಿದ್ದು. ನಮ್ಮ ಹತ್ತಿರ ಇದ್ದದ್ದು ಅರ್ಧ ಹರಿದ ಒಂದು ಟಿಕೆಟ್ಟು, ಹಳೆಯ ಪತ್ರಿಕೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಬಂದ ಆ ಪೋಸ್ಟರಿನ ಚಿತ್ರ. ಅಷ್ಟನ್ನೇ ಹಿಡಿದುಕೊಂಡು ಎಷ್ಟು ಭಾನುವಾರ ಅಲೆದೆವು. ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆಂದು ಹೊರಟು, ದಾರಿಯಲ್ಲಿ ಯಾರದೋ ಗ್ಯಾರೇಜಿನ ಮುಂದೆ ರಟ್ಟಿನ ಪೆಟ್ಟಿಗೆ ಕೆದಕುತ್ತ ಕೂತು, ಪುಳಿಯೋಗರೆ ಮುಗಿಯುವ ಹೊತ್ತಿಗೆ ತಲುಪುತ್ತಿದ್ದೆವು. ಒಬ್ಬ ವ್ಯಾಪಾರಿ ಎರಡು ಉಳಿದಿರಬಹುದು ಅನ್ನುತ್ತಿದ್ದ, ಇನ್ನೊಬ್ಬ ಒಂದೂ ಇಲ್ಲ ಅನ್ನುತ್ತಿದ್ದ. ನೀವು ಮಾತ್ರ ಇದೆ ಎಂದೇ ಹೇಳುತ್ತಿದ್ದಿರಿ.

ಎಡಿಸನ್ ಊರಿನ ಕಶ್ಯಪ್ ನೆನಪಿರಬೇಕು. ಹಳೆ ಮನೆಗಳ ಸಾಮಾನು ಕೊಂಡು ಮಾರುವ ಹುಡುಗ, ಇಲ್ಲೇ ಹುಟ್ಟಿದವನಾದರೂ ನಮ್ಮ ಹತ್ತಿರ ಹಟ ಹಿಡಿದು ಕನ್ನಡವನ್ನೇ ಆಡುವವನು. ಕಳೆದ ಗುರುವಾರ ಮಧ್ಯಾಹ್ನ ಫೋನ್ ಮಾಡಿದ. “ಆಂಟಿ, ರಾಬಿನ್ಸ್‌ವಿಲ್‌ನಲ್ಲಿ ಒಂದು ಹಳೇ ಫಾರ್ಮ್‌ಹೌಸ್. ಮೇಲ್ಗಡೆ ಕ್ಲಾಸೆಟ್ ಒಳಗೆ ವಾಲ್‌ಪೇಪರ್ ಪೀಲ್ ಆಗಿದೆ. ಅದರ ಕೆಳಗೆ ಲೇಡೀಸ್ ಇದಾರೆ, ಬ್ಯಾಟ್ ಹಿಡ್ಕೊಂಡು. ಬೇಗ ಬನ್ನಿ,” ಎಂದ.

ಶುಕ್ರವಾರ ರಜೆ ಹಾಕಿ ಹೋದೆ. ಜಾಗವನ್ನು ಯಾರೋ ವೇರ್‌ಹೌಸ್ ಕಟ್ಟಲು ಕೊಂಡಿದ್ದಾರೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಮನೆ ಕೆಡವುವುದೆಂದು ನಿಶ್ಚಯವಾಗಿತ್ತು. ಕರೆಂಟು ತೆಗೆದಿದ್ದರು. ಟಾರ್ಚ್ ಹಿಡಿದು, ಬಟ್ಟೆ ಇಡುವ ಆ ಕ್ಲಾಸೆಟ್ಟಿನೊಳಗೆ ಬಗ್ಗಿದೆ. ಮೊದಲು ಕಂಡದ್ದು ಒಂದು ಕೈ, ದಪ್ಪ ಚರ್ಮದ ಗ್ಲೋವ್ ತೊಟ್ಟದ್ದು. ಇನ್ನಷ್ಟು ವಾಲ್‌ಪೇಪರ್ ಸರಿಸಿದೆ. ಅದು ತಾನಾಗಿಯೇ ಬಿಟ್ಟುಕೊಂಡಿತು. ಒಂಬತ್ತು ಮಂದಿಯೂ ಇದ್ದರು. ಕೆಂಪು, ನೀಲಿ ಎರಡೇ ಬಣ್ಣ. ಮಧ್ಯೆ, ಬ್ಯಾಟಿನ ಹಿಂದೆ ನಿಂತು ಚೆಂಡು ಹಿಡಿಯುವ ಆ ಕ್ಯಾಚರ್ ಹುಡುಗಿ. ನಾವು ಭೂತಗನ್ನಡಿಯಲ್ಲಿ ನೋಡಿ, ನಗುತ್ತಿದ್ದಾಳೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೋ ಎಂದು ವಾದ ಮಾಡುತ್ತಿದ್ದೆವಲ್ಲ, ಅವಳು. ನಗುತ್ತಿಲ್ಲ, ಗುರುರಾಜ. ಕಣ್ಣು ಕಿರಿದು ಮಾಡಿದ್ದಾಳೆ. ನೀವು ಹೇಳಿದ್ದೇ ಸರಿ.

ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಕಶ್ಯಪ್ ಪಾಪ, ನೀರಿನ ಬಾಟಲಿ ಹಿಡಿದು ನಿಂತಿದ್ದ.

ತೆಗೆಯುವುದು ಹೇಗೆ? ಕಾಗದವನ್ನು ಹಿಟ್ಟಿನ ಅಂಟಿನಿಂದ ನೇರವಾಗಿ ಗಾರೆಗೆ ಮೆತ್ತಿದ್ದರು. ಬೆಚ್ಚಗಿನ ನೀರಲ್ಲಿ ಸ್ಪಂಜು ಅದ್ದಿ ಒಂದು ಮೂಲೆಗೆ ಒತ್ತಿದೆ. ಕೆಂಪು ಬಣ್ಣ ಸ್ಪಂಜಿಗೇ ಬಂತು. ಗೋಡೆಯನ್ನೇ ಕೊಯ್ದು ತೆಗೆಯೋಣವೆಂದರೆ, ಅಲ್ಲಿನ ಮೇಲ್ವಿಚಾರಕ ರಾಜ್ ಒಪ್ಪಲಿಲ್ಲ. ಗುಜರಾತಿನವನು, ಒಳ್ಳೆಯವನೇ. ಇನ್ಶೂರೆನ್ಸ್‌ನವರು ಬಿಡುವುದಿಲ್ಲ, ತನ್ನ ಕೆಲಸ ಹೋಗುತ್ತದೆ ಎಂದ. ಭಾನುವಾರದವರೆಗೆ ಬಂದು ನೋಡಿಕೊಂಡು ಹೋಗಿ ಎಂದು ತನ್ನ ಕುರ್ಚಿಯನ್ನೇ ಮೇಲಕ್ಕೆ ತಂದುಕೊಟ್ಟ. ನ್ಯೂಯಾರ್ಕಿನಲ್ಲಿ ಹಳೆ ಕಾಗದ ಸರಿಪಡಿಸುವ ಹೆಂಗಸೊಬ್ಬಳು ಮಂಗಳವಾರ ಬರುತ್ತೇನೆ ಎಂದಳು. ಸೋಮವಾರಕ್ಕೆ ಮನೆಯೇ ಇರುವುದಿಲ್ಲ ಎಂದೆ. ಅಯ್ಯೋ ಎಂದಳು, ಅಷ್ಟೇ. ಎರಡು ಮ್ಯೂಸಿಯಮ್‌ಗಳಿಗೆ ಮೆಸೇಜ್ ಬಿಟ್ಟೆ. ವಾರಾಂತ್ಯ, ಯಾರೂ ತಿರುಗಿ ಕರೆಯಲಿಲ್ಲ. ಕೇಳಲು ಇನ್ಯಾರೂ ಇರಲಿಲ್ಲ.

ಶನಿವಾರ ಪೂರ್ತಿ ಆ ಕುರ್ಚಿಯಲ್ಲಿ ಸುಮ್ಮನೆ ಕೂತು ಅವರನ್ನು ನೋಡಿದೆ. ಕೈ ಹಚ್ಚಲು ಧೈರ್ಯ ಬರಲಿಲ್ಲ. ನೀವು ಕೊನೆಗೆ ಆಡಿದ ಮಾತು ನೆನಪಾಗುತ್ತಿತ್ತು: “ಮಕ್ಕಳಿಲ್ಲದ ಮನೇನ ಹಳೇ ಕಾಗದದಿಂದ ತುಂಬಿಸ್ತಾ ಇದೀಯ.” ಆ ಮಾತು ಸುಳ್ಳಾಗಿದ್ದರೆ ನಾನು ಮನೆ ಬಿಡುತ್ತಿರಲಿಲ್ಲ.

ಭಾನುವಾರ ಬೇರೆ ದಾರಿ ಕಾಣದೆ ಒದ್ದೆ ಬಟ್ಟೆ, ತೆಳ್ಳನೆಯ ದೋಸೆ ಮಗುಚುವ ಕೈ ಹಿಡಿದು ಶುರು ಮಾಡಿದೆ. ಕಶ್ಯಪ್ ಬೆಳಕು ಹಿಡಿದಿದ್ದ. ಅಂಚು ಒಂದು ಗೇಣು ಬಿಟ್ಟುಕೊಂಡಿತು. ಆಸೆಯಾಯಿತು. ಆಮೇಲೆ ಮಧ್ಯದಲ್ಲಿ ಒಳಗಿನಿಂದಲೇ ಗಾರೆ ಕುಸಿಯಿತು. ಕ್ಯಾಚರ್ ಹುಡುಗಿಯ ಮುಖ ನನ್ನ ಅಂಗೈಗೆ ಬಂತು, ಬಂದದ್ದೇ ಪುಡಿಯಾಯಿತು. ಕರಿದ ಹಪ್ಪಳ ಮುರಿದ ಹಾಗೆ. ಕಶ್ಯಪ್, “ಆಂಟಿ, ಸ್ಟಾಪ್ ಮಾಡಿ. ಪ್ಲೀಸ್, ಸಾಕು,” ಎಂದು ನನ್ನ ಮಣಿಕಟ್ಟು ಹಿಡಿದ. ನಿಲ್ಲಿಸಿದೆ. ಉಳಿದ ಎಂಟು ಮಂದಿಯನ್ನು ನನ್ನ ಕೈಯಾರೆ ಹಾಳು ಮಾಡಲು ಆಗಲಿಲ್ಲ.

ಸೋಮವಾರ ಹೋಗಬಾರದಿತ್ತು. ಹೋದೆ. ರಸ್ತೆಯ ಈಚೆ ಕಾರಿನ ಪಕ್ಕ ನಿಂತೆ. ಊರಲ್ಲಿ ಜೆಸಿಬಿ ಅನ್ನುತ್ತೇವಲ್ಲ, ಅದರ ದೊಡ್ಡಣ್ಣನಂಥದ್ದು ಬಂದು ಹೊರಗೋಡೆಯನ್ನು ಎಳೆಯಿತು. ಒಂದು ಗಳಿಗೆ ಆ ಕ್ಲಾಸೆಟ್ಟು ಬಿಸಿಲಿಗೆ ತೆರೆದುಕೊಂಡಿತು. ಕೆಂಪು, ನೀಲಿ ಅಷ್ಟು ದೂರಕ್ಕೂ ಕಂಡವು. ರಾಜ್ ನನ್ನ ಕಡೆ ನೋಡಿ, ಯಂತ್ರ ನಡೆಸುವವನಿಗೆ ನಿಲ್ಲು ಎಂದು ಕೈ ಎತ್ತಿದ. ಅವನು ನಿಲ್ಲಿಸಿದ. ಎಲ್ಲರೂ ನಾನೇನಾದರೂ ಹೇಳುತ್ತೇನೆಂದು ಕಾದರು. ನಡೆಯಲಿ ಎಂದು ತಲೆ ಆಡಿಸಿದೆ. ಅವನು ಮುಂದುವರಿಸಿದ.

ಕಶ್ಯಪ್ ತೆಗೆದ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಒಂಬತ್ತೂ ಮಂದಿ ಇದ್ದಾರೆ. ಕೊನೆಯದನ್ನು ನೋಡಲೇಬೇಕೆಂದಿಲ್ಲ. ಪೋಸ್ಟರ್ ಇತ್ತು ಎಂಬುದನ್ನು ನನ್ನ ಬಿಟ್ಟರೆ ತಿಳಿಯಬೇಕಾದವರು ನೀವೊಬ್ಬರೇ. ಹತ್ತೊಂಬತ್ತು ವರ್ಷವೂ ಅದು ಇದೆ ಎಂದೇ ಹೇಳಿದವರು ನೀವು.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ನಂದಿತಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಶುಕ್ರವಾರವೇ ಕಶ್ಯಪ್ ಕೇಳಿದ್ದ: “ಅಂಕಲ್ ಅಂಟಿನ ಕೆಮಿಸ್ಟ್ ಅಲ್ವಾ ಆಂಟಿ? ಅವರಿಗೆ ಗೊತ್ತಿರುತ್ತೆ. ಕಾಲ್ ಮಾಡಿ, ಇನ್ನೂ ಟೈಮ್ ಇದೆ.” ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿ ತಯಾರಿಸುತ್ತ ಮೂವತ್ತು ವರ್ಷ ಅಂಟನ್ನೇ ಅರೆದು ಕುಡಿದವರು ನೀವು. ರಾಬಿನ್ಸ್‌ವಿಲ್ ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯೂ ಅಲ್ಲ. ನಿಮ್ಮ ನಂಬರ್ ಬದಲಾಗಿದೆ, ನನ್ನ ಹತ್ತಿರ ಇಲ್ಲ ಎಂದು ಅವನಿಗೆ ಸುಳ್ಳು ಹೇಳಿದೆ. ಡಾಕ್ಟರ ಹತ್ತಿರ ಹೋದಾಗಲೆಲ್ಲ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು ಫಾರ್ಮಿನಲ್ಲಿ ಕೇಳುವ ಜಾಗದಲ್ಲಿ ನಾನು ಈಗಲೂ ಆ ನಂಬರನ್ನೇ ಬರೆಯುತ್ತೇನೆ.