ಪೀಟಿ ಟೀಚರ್ ಊಟಕ್ಕೆ ಬಂದ ದಿನ

ಅಮ್ಮಾ,

ನೀನು ಹೋದಮೇಲೆ ಇವತ್ತೇ ಮೊದಲ ಸಲ ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ನಿನ್ನ ಮಾತು ಬಂದರೆ ಏನಪ್ಪಾ ಗತಿ ಎಂದು ನನಗೆ ಒಳಗೊಳಗೇ ಪುಕುಪುಕು. ಮರೆವಿನ ಕಾಯಿಲೆಯ ಕೊನೆಯ ವರ್ಷಗಳು ನಿನ್ನ ಮಿಕ್ಕ ಬದುಕನ್ನೆಲ್ಲ ನುಂಗಿಹಾಕಿದ್ದವು. ಕಣ್ಣು ಮುಚ್ಚಿದರೆ ಕಿಟಕಿಯ ಪಕ್ಕ ಸುಮ್ಮನೆ ಕೂತ ನೀನೇ ಕಾಣುತ್ತಿದ್ದೆ.

ಊಟದ ನಡುವೆ ನನ್ನ ಮಗಳು ತಟ್ಟನೆ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟು, ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೀನು ಗದರುತ್ತಿದ್ದೆಯಲ್ಲ, ಥೇಟ್ ಅದೇ ದನಿ ತೆಗೆದಳು: "ಏಯ್, ಬೆನ್ನು ನೆಟ್ಟಗೆ! ಹೊಟ್ಟೆ ಒಳಗೆ! ಆ ಮೂಲೇಲಿರೋ ಗುಡಾಣ, ನಿನಗೇ ಹೇಳ್ತಿರೋದು!"

ಐವತ್ತು ದಾಟಿದ ಅಣ್ಣ ಬಾಯಲ್ಲಿ ತುತ್ತಿಟ್ಟುಕೊಂಡೇ ಹೊಟ್ಟೆಯನ್ನು ಒಳಗೆಳೆದುಕೊಂಡ.

"ನಾನು ಓಡೋಕಾಗಲ್ಲ ಅಂತ ಅಳ್ತಿದ್ರೆ, 'ಅಳು, ಆದ್ರೆ ನಿಲ್ಲಬೇಡ' ಅಂತ ಅಜ್ಜಿ ಜೊತೆಗೇ ಓಡೋರು," ಎಂದಳು ಮಗಳು.

"ಮೊಮ್ಮಗಳಿಗಾದ್ರೆ ಜೊತೆಗೆ ಓಡಿದ್ದು! ನನಗೆ ಬರೀ ವಿಸಿಲ್ಲು!" ಎಂದ ಅಣ್ಣ. ನಕ್ಕು ನಕ್ಕು ಅತ್ತಿಗೆಗೆ ನೆತ್ತಿಗೇರಿತು. ಆಮೇಲೆ ಒಬ್ಬೊಬ್ಬರೂ ಒಂದೊಂದು ಕಥೆ ತೆಗೆದರು. ಕೈ ಒಣಗಿದರೂ ಯಾರೂ ಏಳಲಿಲ್ಲ.

ಕೊನೆಕೊನೆಗೆ ನೀನು ನನ್ನನ್ನು "ಅಕ್ಕಾ" ಎನ್ನುತ್ತಿದ್ದೆ. ನಾನೂ ತಿದ್ದದೆ ಓಗೊಡುತ್ತಿದ್ದೆ. ಇವತ್ತು ಪಾತ್ರೆ ತೊಳೆಯುವಾಗ, ಅಡುಗೆಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಗಟ್ಟಿಯಾಗಿ "ಅಮ್ಮಾ" ಎಂದು ಕರೆದೆ. ಎಷ್ಟು ಕಾಲವಾಗಿತ್ತು ನೋಡು, ಹಾಗೆ ಕರೆದು. ಎದೆ ಹಗುರಾಯಿತು.

ನಿನ್ನ ಮಗಳು